ಎಳೆ ಸಡಿಲುವ ತನಕ

ಚಿಂತಾಮಣಿ ರಸ್ತೆಯಲ್ಲಿ ತಂತಿಗೆ ತಾಗುತ್ತಿದ್ದ
ಮಾವಿನ ಕೊಂಬೆ ಕಡಿದ ದಿನ
ಲೈನ್‌ಮನ್ ವೆಂಕಟರವಣ ಅದನ್ನು
ಊಟದ ಡಬ್ಬಿಯ ಚೀಲದಲ್ಲಿ ತಂದ.
"ಮುನೀರಾ, ಇದು ಬದನಿಕೆಯಲ್ಲ, ನೋಡು,
ಮರದ ರಕ್ತ ಕುಡಿಯೋದಿಲ್ಲ. ಆರ್ಕಿಡ್ಡು.
ಸುಮ್ಮನೆ ಕೂತಿರತ್ತೆ."
ಬೇರು ಒಣಗಿದ ಶ್ಯಾವಿಗೆ. ಎಲೆ ಹರಿದ ಚಪ್ಪಲಿಯ ಬಾರು.
ಸುಮ್ಮನೆ ಕೂರುವ ಜೀವವನ್ನು
ಶಿಡ್ಲಘಟ್ಟದ ಈ ಓಣಿಯಲ್ಲಿ ನಾನು ಕಂಡಿರಲಿಲ್ಲ.

ಮೊದಲು ಕಟ್ಟಿದ್ದು ಸೀಬೆಮರಕ್ಕೆ.
ಸೀಬೆ ಆಗಾಗ ಅಂಗಿ ಬಿಚ್ಚುತ್ತದೆ.
ಸಿಪ್ಪೆಯ ಸುರುಳಿಯ ಜೊತೆ ಇದೂ
ಒಗೆಯುವ ಕಲ್ಲಿನ ಮೇಲೆ ಬಿದ್ದಿತ್ತು ಒಂದು ಬೆಳಿಗ್ಗೆ.
ವೆಂಕಟರವಣ ನಕ್ಕ: "ನೀಲಗಿರಿಗೆ ಕಟ್ಟಲಿಲ್ಲವಲ್ಲ, ಪುಣ್ಯ.
ಒರಟು ಮೈ ಬೇಕು ಇದಕ್ಕೆ, ಚರ್ಮ ಬದಲಿಸದ್ದು.
ಎಳೆಬಿಸಿಲು ತಾಗಲಿ, ಮಧ್ಯಾಹ್ನದ್ದು ಬೇಡ."

ರೀಲಿಂಗ್ ಶೆಡ್ಡಿನ ಹಿಂದೆ ಒಂದು ಹುಣಸೆಮರ.
ಯಾರದೆಂದು ಇಬ್ಬರು ಅಣ್ಣತಮ್ಮಂದಿರು
ಕೋರ್ಟಿಗೆ ಹೋಗಿ ಹನ್ನೊಂದು ವರ್ಷ.
ತೀರ್ಪು ಬರುವವರೆಗೆ ನನ್ನದೇ ಎಂದುಕೊಂಡೆ.

ಅವನು ಅಲ್ಯೂಮಿನಿಯಂ ತಂತಿ ಸುತ್ತಿ, ಇಕ್ಕಳದಲ್ಲಿ ತಿರುಚಿ,
"ಇನ್ನು ನೂರು ವರ್ಷ ಬೀಳಲ್ಲ" ಎಂದು ಹೋದ.
ಹೋದ ಮೇಲೆ ಬಿಚ್ಚಿದೆ.
ತಂತಿ ಕಾದರೆ ಬೇರಿಗೆ ಏನಾಗುತ್ತದೆಂದು
ನನ್ನ ಬೆರಳಿಗೆ ಗೊತ್ತು:
ಇಪ್ಪತ್ತೆರಡು ವರ್ಷ ಕುದಿನೀರಿನ ಬೇಸಿನ್ನಿನಲ್ಲಿ
ಗೂಡಿನ ತುದಿ ಹುಡುಕಿದವು ಇವು,
ಗೆರೆಗಳೆಲ್ಲ ಅಳಿಸಿಹೋಗಿ
ರೇಷನ್ ಅಂಗಡಿಯ ಯಂತ್ರ ನನ್ನನ್ನು
ಬೇರೆ ಯಾರೋ ಅನ್ನುತ್ತದೆ.

ರಾಟೆಗೆ ಬೇಡವಾದ ಎಳೆ ಇರುತ್ತದೆ, ಗೂಡಿನ ಮೇಲುಮೇಲಿನ ಒರಟು,
ಸಾಹೇಬರು ಕಿಲೋ ಲೆಕ್ಕದಲ್ಲಿ ಮಾರುವ ಕಸ.
ಅಂಗೈಯಷ್ಟು ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದೆ.
ಕದ್ದೆ ಎನ್ನಿ ಬೇಕಾದರೆ.
ತೆಂಗಿನ ನಾರು ಒಂದು ಹಿಡಿ, ಅದರ ಮೇಲೆ ಗಿಡ,
ಗಿಡದ ಮೇಲೆ ರೇಷ್ಮೆ ಏಳು ಸುತ್ತು,
ಮಗುವಿಗೆ ಉಡಿದಾರ ಕಟ್ಟುವಷ್ಟು ಬಿಗಿ:
ಅಲುಗಬಾರದು, ಉಸಿರು ಕಟ್ಟಬಾರದು.

ಬೋರಿನ ನೀರು ಹಾಕಿದೆ. ಎಲೆಗೆ ಸುಣ್ಣ ಹತ್ತಿತು;
ನಮ್ಮ ಹಲ್ಲಿಗೆ ಕಲೆ ಹಿಡಿಸಿದ ನೀರೇ ಅದು.
ಮಳೆ ಹಿಡಿಯಲು ಪೇಂಟಿನ ಡಬ್ಬಿ ಇಟ್ಟೆ.
ನಮ್ಮ ಕಡೆ ಒಂದು ಡಬ್ಬಿ ತುಂಬಲು
ಆಷಾಢದಿಂದ ಗಣೇಶನ ಹಬ್ಬದ ತನಕ ಬೇಕು.
ಒಮ್ಮೆ ಹುಳು ಬೆಂದ ನೀರನ್ನೇ ತಿಳಿಮಾಡಿ ಎರೆದೆ.
ಇರುವೆ ಬಂದವು, ನಾತ ಬಂತು,
ಸೆರಗಿನಲ್ಲಿ ಮೂಗು ಮುಚ್ಚಿಕೊಂಡು ಗಂಗರತ್ನ ಬಂದಳು:
"ತಿನ್ನೋಕೆ ಬರತ್ತಾ ಇದು?"
ಇಲ್ಲ.
"ಮುಡಿಯೋಕೆ?"
ಗೊತ್ತಿಲ್ಲ.
"ಮತ್ತೆ?"
ಮತ್ತೆ ಏನೆಂದು ನನಗೂ ಹೊಳೆಯಲಿಲ್ಲ.
ಅಷ್ಟರಲ್ಲಿ ಪಾಳಿಯ ಗಂಟೆ ಹೊಡೆಯಿತು.

ಒಂದು ವರ್ಷ ಏನೂ ಇಲ್ಲ.
ಏನೂ ಇಲ್ಲ ಎಂದರೆ, ಒಂದು ಎಲೆ ಉದುರಿತು, ಒಂದು ಬಂತು.
ಎರಡನೇ ಮಳೆಗೆ ಬೇರಿನ ತುದಿ ಹಸಿರಾಯಿತು,
ಬೆಂಕಿಕಡ್ಡಿಯ ಮದ್ದಿನಷ್ಟು.
ಒಂದು ಬಿರುಕಿಗಿಳಿದು, ಅಲ್ಲಿಂದ ಇನ್ನೊಂದಕ್ಕೆ,
ಕರೆಂಟು ಹೋದ ರಾತ್ರಿ ಗೋಡೆ ತಡವುತ್ತ
ಬಚ್ಚಲಿಗೆ ಹೋಗುವ ಅಮ್ಮನ ಹಾಗೆ.

ಹೂ ಬಂದದ್ದು ರಂಜಾನಿನಲ್ಲಿ.
ಬಿಸಿಲೇರಿದ ಮೇಲೆ ವಾಸನೆ ಎದ್ದಿತು, ಉಪವಾಸದ ಮೂಗಿಗೆ
ಅದೊಂದೇ ಆಹಾರ.
ಚೌಕುಳಿ ಲುಂಗಿಯ ಕಂದು, ತುಟಿ ಮಾತ್ರ ನೀಲಿ,
ಶಾಯಿ ಪೆನ್ನು ಕಚ್ಚಿದ ಹುಡುಗನಂತೆ.
ವೆಂಕಟರವಣನಿಗೆ ಫೋನು ಮಾಡಿದೆ. ಕಂಬದ ಮೇಲಿದ್ದ.
"ಲೈನ್ ಆಫ್ ಮಾಡಿಸಿದೀನಿ, ಎರಡು ಮಾತಲ್ಲಿ ಹೇಳು" ಅಂದ.
"ಬಂತು" ಅಂದೆ.
ಒಂದು ಮಾತು ಉಳಿಯಿತು.

ಇನ್ನು ಎಳೆ ಬಿಚ್ಚೋಣವೆಂದು ಏಣಿ ಹಾಕಿದೆ.
ಎಳೆ ಇರಲಿಲ್ಲ.
ಮಳೆಗೆ ಕೊಳೆಯಿತೋ, ಸೂರಕ್ಕಿ ಒಯ್ಯಿತೋ,
ಗೂಡಿನಿಂದ ಬಂದದ್ದು ಗೂಡಿಗೇ ಹೋಗಿರಬಹುದು,
ಹುಡುಕಲಿಲ್ಲ.
ಗಿಡವನ್ನು ಮೆಲ್ಲಗೆ ಜಗ್ಗಿದೆ.
ಬರಲಿಲ್ಲ. ಮರವನ್ನೇ ಜಗ್ಗಿದ ಹಾಗಾಯಿತು.

ಇಳಿದ ಮೇಲೆ ನೋಡಿಕೊಂಡೆ:
ಕೊಂಬೆ ಹಿಡಿದ ಬೆರಳ ತುದಿಗಳಲ್ಲಿ
ತೊಗಟೆಯ ಗೆರೆಗಳು, ಹತ್ತೂ ಬೆರಳಿಗೆ, ಸ್ಪಷ್ಟ.
ಅವತ್ತು ರೇಷನ್ ಅಂಗಡಿಗೆ ರಜೆ.