ಇಪ್ಪತ್ತೆರಡನೇ ನಂಬರಿನ ಅಂಗಿ

ಹೆಸರು ಕಾಯ್ತಾನ್. ನಮ್ಮ ಧಾರವಾಡದ ಕಡೆ
ಅದು ಹೆಸರಲ್ಲ, ಕೆಲಸ.
ರಿಬಂದರದ ಫೆರಿಯಲ್ಲಿ ಹಗ್ಗ ಎಸೆಯುತ್ತಾನೆ.
ಎಸೆಯುವುದೇನು, ಯಾರೂ ಎಸೆದಾರು;
ದಡದಿಂದ ಮರಳುವ ಹಗ್ಗವನ್ನು
ಬೇರೆಲ್ಲೋ ನೋಡುತ್ತ ಹಿಡಿಯುತ್ತಾನಲ್ಲ, ಅದು.

ಹನ್ನೊಂದು ವರ್ಷ ಅದಿರು ಕಂಪನಿಯ ತಂಡದಲ್ಲಿದ್ದ,
ಗೋಲು ಕಾಯುವವನಲ್ಲ,
ಗೋಲು ಕಾಯುವವನನ್ನು ಕಾಯುವವನು.
ಬೆನಿತೊಗೋ ಜ್ವರವಿಲ್ಲ, ಉಳುಕಿಲ್ಲ,
ಮದುವೆಯ ಮರುದಿನವೂ ಬಂದು ನಿಂತ.
ಫಾತೋರ್ಡಾದ ಬಿಸಿಲಲ್ಲಿ ಬೆಂಚು ಕಾದಿತ್ತು, ಇವನೂ.
ಅಂಗಿ ಒಗೆಯುವಾಕೆ ಕೇಳುವಳಂತೆ:
ಇಪ್ಪತ್ತೆರಡು ಒಗೆಯಲೋ, ಹಾಗೇ ಮಡಚಲೋ?

ಲೀಗಿನಲ್ಲಿ ಆಡಿದ್ದು ಒಂದೇ ಸಲ, ಹದಿನಾಲ್ಕು ನಿಮಿಷ,
ಬೆನಿತೊನ ಹುಬ್ಬು ಸೀಳಿದ ದಿನ.
ಚೆಂಡು ಈ ಕಡೆ ಬರಲೇ ಇಲ್ಲ.
ಗೆದ್ದರು. ಗುಂಪಿನ ಫೋಟೊದಲ್ಲಿ ಇವನ ಕೈಗವಸು
ಅಂಗಡಿಯಿಂದ ಆಗಷ್ಟೇ ತಂದಷ್ಟು ಬಿಳಿ.

ಆಮೇಲೆ ಗಣಿ ನಿಂತಿತು, ತಂಡವೂ ನಿಂತಿತು.
ಇದನ್ನೆಲ್ಲ ಅವನು ಹೇಳಿದ್ದಲ್ಲ. ಹೆಂಡತಿ ಫಿಲು,
ಜೆಟ್ಟಿಯ ಮೇಲೆ ಬಂಗಡೆ ತೂಗುತ್ತ,
ನನ್ನ ಕೊಂಕಣಿಗೆ ನಗುತ್ತ, ತುಸುತುಸುವೇ ಹೇಳಿದ್ದು.
ನಾನು ಚೋಡಣದ ಶಾಲೆಗೆ ದಿನಾ ದಾಟುವವನು.
ಒಮ್ಮೆ ಕೇಳಿಯೂ ಬಿಟ್ಟೆ, ಬೇಸರವಾಗಲಿಲ್ಲವೇ ಅಂತ.
"ಸ್ಕೂಟರು ಒಂಚೂರು ಮುಂದೆ ತಗೊಳ್ಳಿ ಮಾಸ್ತರ."

ಕೊನೆಯ ಫೆರಿಗೆ ಬೆನಿತೊ ಬರುತ್ತಾನೆ,
ಮೊಣಕಾಲು ಹೋಗಿದೆ, ಕುಡಿದೂ ಇರುತ್ತಾನೆ, ತಡ.
ಹೊತ್ತು ಮೀರಿದೆ. ಕಾಂಡ್ಲ ಗಿಡಗಳ ನಡುವೆ ಕತ್ತಲು.
ಚಾಲಕ ಒಂದು ಹಾರ್ನು ಒತ್ತುತ್ತಾನೆ, ಇನ್ನೊಂದು.
ಟ್ಯೂಷನ್ ಮುಗಿಸಿ ಬಂದ ನಾನೂ ಗೊಣಗುತ್ತೇನೆ,
ಸೊಳ್ಳೆ ಹೊಡೆಯುತ್ತೇನೆ.
ಹಗ್ಗ ಕಂಬಕ್ಕೇ ಇದೆ.
ಕಾಯ್ತಾನ್ ಅದರ ಮೇಲೊಂದು ಕಾಲಿಟ್ಟು
ರಸ್ತೆಯ ತಿರುವನ್ನೇ ನೋಡುತ್ತಿದ್ದಾನೆ,
ಎರಡೂ ಕೈಯ ಬೆರಳು ತುಸು ಅಗಲಿಸಿ.