ಮೂವತ್ತೆಂಟು

ವಾಲ್ಪರೈಸೊದ ಗುಡ್ಡದ ಮೇಲೆ ಹಳಿ ಹಿಡಿದು ತೆವಳುವ
ಮರದ ಪೆಟ್ಟಿಗೆಗಳನ್ನು ಏರಿಸಿ ಇಳಿಸುವುದು ನನ್ನ ಕೆಲಸ.
ಇಪ್ಪತ್ತೆರಡು ವರ್ಷದಿಂದ ಅದೇ ಹಿಡಿ, ಅದೇ ಗಂಟೆ.
ಒಂದು ಏರಿದರೆ ಇನ್ನೊಂದು ಇಳಿಯಬೇಕು.
ನನಗೆ ಗೊತ್ತಿದ್ದ ಲೆಕ್ಕ ಅಷ್ಟೇ.

ಮಾರ್ಚ್‌ನಲ್ಲಿ ನೆಲಿದಾಳ ತೊಡೆಯ ಮೇಲೆ
ನೇರಳೆ ಹಣ್ಣು ಜಜ್ಜಿದಂಥ ಕಲೆ.
"ಮೇಜು ತಾಗಿತು" ಎಂದಳು.
ಎರಡು ದಿನ ಆ ಮೇಜಿಗೆ ಬೈದೆ.
ಮೇಜಿನ ತಪ್ಪಿರಲಿಲ್ಲ.

ಈಗ ಬೇರೆ ಲೆಕ್ಕಗಳೂ ಬರುತ್ತವೆ.
ಬಿಳಿ ರಕ್ತಕಣ ನಾನೂರು. ಪ್ಲೇಟ್‌ಲೆಟ್ ಹನ್ನೊಂದು ಸಾವಿರ.
ಜ್ವರ ಮೂವತ್ತೆಂಟು ಮುಟ್ಟಿತೋ
ಬೆಳಗಾಗಲಿ ಎನ್ನುವಂತಿಲ್ಲ, ಗುಡ್ಡ ಇಳಿದು ಓಡಬೇಕು.

ಒಮ್ಮೆ ಮುಟ್ಟಿತು, ರಾತ್ರಿ ಮೂರಕ್ಕೆ.
ಯಾರನ್ನೂ ಕೇಳದೆ ನಿಲ್ದಾಣದ ಬೀಗ ತೆಗೆದೆ,
ಮೋಟಾರು ಹಚ್ಚಿದೆ.
ಇಳಿಸುವವನು ಮೇಲೆಯೇ ನಿಲ್ಲಬೇಕಲ್ಲ.
ಕಂಬಳಿ ಹೊದ್ದು ಅವಳೊಬ್ಬಳೇ ಇಳಿದಳು,
ಕತ್ತಲೊಳಗೆ, ನನ್ನ ಕೈಯಿಂದಲೇ.
ಎದುರು ಏರಿ ಬಂದ ಪೆಟ್ಟಿಗೆಯಲ್ಲಿ
ದೀಪವೊಂದು ಬಿಟ್ಟರೆ ಯಾರೂ ಇರಲಿಲ್ಲ.
ನೂರಾ ಅರವತ್ತೊಂದು ಮೆಟ್ಟಿಲು ಹಾರಿ ಇಳಿದೆ.
ಕೆಳಗೆ ಅವಳು ಕೇಳಿದ್ದು:
"ಮೇಲೆ ದೀಪ ಆರಿಸಿದೆಯಾ?"

ಆಸ್ಪತ್ರೆಯ ನಾಲ್ಕನೇ ಮಹಡಿ. ಕಿತ್ತಳೆ ಬಣ್ಣದ ಪ್ಲಾಸ್ಟಿಕ್ ಕುರ್ಚಿಗಳು.
ಮೂರು ತಿಂಗಳು ಗೋಡೆ ನೋಡಿಕೊಂಡು ಕೂತೆ.
"ಹೇಗಿದ್ದಾಳೆ?" ಎಲ್ಲರೂ ಕೇಳುವರು.
"ಗಟ್ಟಿಗಿತ್ತಿ" ಎನ್ನುವೆ.
ಅದು ಉತ್ತರವಲ್ಲ, ಬಾಗಿಲು ಹಾಕಿಕೊಳ್ಳುವ ಸದ್ದು.

ಒಂದು ಗುರುವಾರ ಪಕ್ಕದ ಕುರ್ಚಿಯ ಹೆಂಗಸು,
ಹೆಸರು ಒರ್ತೆನ್ಸಿಯಾ, ಕೈತುಂಬ ಮೀನಿನ ವಾಸನೆ,
ಥರ್ಮಾಸಿನ ಮುಚ್ಚಳಕ್ಕೆ ಚಹಾ ಸುರಿದು
"ನೀನು ಉಂಡೆಯಾ?" ಎಂದಳು.
ನೆಲಿದಾಳನ್ನಲ್ಲ, ನನ್ನನ್ನು.
ಆಗ ಅತ್ತೆ,
ಅವಳು ಕೊಟ್ಟ ಬ್ರೆಡ್ಡು ಬಾಯಲ್ಲಿಟ್ಟುಕೊಂಡೇ, ಅಸಹ್ಯವಾಗಿ.
ಅವಳು ಸಮಾಧಾನ ಹೇಳಲಿಲ್ಲ.
"ಅಗಿ," ಎಂದಳು, "ಮೊದಲು ಅಗಿ."

ಯಾವ ಡಾಕ್ಟರೂ ಹೇಳದ್ದನ್ನು ಆ ಕುರ್ಚಿಗಳು ಹೇಳಿದವು.
ಸ್ಟೀಲು ಚಮಚ ಬೇಡ, ನಾಲಿಗೆಗೆ ತುಕ್ಕಿನ ರುಚಿ; ಮರದ್ದು ತಾ.
ಕೂದಲುದುರುವ ವಾರ ಅವಳು ಏಳುವ ಮುಂಚೆ
ಬಚ್ಚಲ ಜಾಲರಿ ನೀನೇ ತೊಳೆದಿಡು.
ರಕ್ತ ಕೊಡುವವರನ್ನು ಕರೆತನ್ನಿ ಎಂದು ನನಗೆ ಚೀಟಿ ಕೊಟ್ಟಾಗ
ಮುದುಕ ಅಬೆಲಾರ್ದೊ ತನ್ನ ಮೊಮ್ಮಗನ
ಫುಟ್‌ಬಾಲ್ ತಂಡವನ್ನೇ ಹೊರಡಿಸಿಕೊಂಡು ಬಂದ.
ಗೋಲ್‌ಕೀಪರು ಸೂಜಿ ಕಂಡು ಬಿದ್ದೇ ಹೋದ.
ನಾವು ನಕ್ಕೆವು. ನರ್ಸು ಗದರಿಸಿದಳು. ಮತ್ತೆ ನಕ್ಕೆವು.

ಅಲ್ಲೇ ಒಂದು ದಿನ ಬಾಯಿಬಿಟ್ಟೆ:
"ಕೆಲವೊಮ್ಮೆ ಅವಳ ಮೇಲೆ ಸಿಟ್ಟು ಬರುತ್ತದೆ."
ಮೂರು ತಲೆಗಳು ಹೌದೆಂದು ಆಡಿದವು,
ಹೊರಗೆ ಗಾಳಿ ಜೋರು ಎಂದೆನೋ ಎಂಬಂತೆ.

ಒರ್ತೆನ್ಸಿಯಾಳ ಗಂಡ ಸೆಪ್ಟೆಂಬರಿನಲ್ಲಿ ಹೋದ.
ಆ ಗುರುವಾರ ಅವಳ ಕುರ್ಚಿಯಲ್ಲಿ ಯಾರೂ ಕೂರಲಿಲ್ಲ.
ಮುಂದಿನ ಗುರುವಾರ ಅವಳೇ ಬಂದು ಕೂತಳು, ಥರ್ಮಾಸ್ ಸಮೇತ.
"ಒಬ್ಬಳಿಗೆ ಚಹಾ ಮಾಡುವ ಅಳತೆ ಗೊತ್ತಿಲ್ಲ" ಎಂದಳು.
ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ.

"ನಿನ್ನ ಕೋಟು ಮೀನು ನಾರುತ್ತಿದೆ. ಯಾರವಳು?"
ಮಾಸ್ಕಿನ ಮೇಲೆ ನೆಲಿದಾಳ ಕಣ್ಣು ನಗುತ್ತಿತ್ತು.
ಎಲ್ಲ ಹೇಳಿದೆ. ಸಿಟ್ಟಿನ ಮಾತನ್ನೂ.
"ನನಗೂ ಬರುತ್ತದೆ," ಎಂದಳು,
"ನೀನು ಗಟ್ಟಿಗಿತ್ತಿ ಎಂದಾಗಲೆಲ್ಲ."

ಈ ಸಂಜೆ ಅವಳ ಜ್ವರ ಮೂವತ್ತೇಳೂವರೆ.
ನಾಳೆಯದು ನಾಳೆ.
ಮೂಲೆಯ ಕುರ್ಚಿಯಲ್ಲಿ ಹೊಸಬ, ಎಳೆಯ ಹುಡುಗ,
ಮದುವೆಯ ಉಂಗುರ ಇನ್ನೂ ಬೆರಳಿಗೆ ಒಗ್ಗಿಲ್ಲ,
ಗೋಡೆ ನೋಡುತ್ತಿದ್ದಾನೆ.
ಚಹಾ ಸುರಿದು ಕೊಟ್ಟೆ. "ಬೇಡ" ಎಂದ.
ಪಕ್ಕದ ಕುರ್ಚಿಯ ಮೇಲಿಟ್ಟೆ. ಆರಿತು.
ನಾನೇ ಕುಡಿದೆ.
ಇನ್ನೊಂದು ಗುರುವಾರ ಬರುತ್ತದೆ.