ಮಂಗಳವಾರದ ಕತ್ತಿ

ಮಂಗಳವಾರ. ಅಂಗಡಿಗೆ ಬೀಗ.
ಶಿಡ್ಲಘಟ್ಟದಿಂದ ಚಿಂತಾಮಣಿಗೆ ಬಸ್ಸಿನಲ್ಲಿ ನಿಂತೇ ಬಂದೆ.
ಮೂವತ್ತೊಂದು ವರ್ಷ ನಿಂತ ಕಾಲು,
ಸೀಟು ಸಿಕ್ಕರೂ ಮಡಚಿಕೊಳ್ಳಲು ಒಪ್ಪುವುದಿಲ್ಲ.

ಬ್ರಹ್ಮಯ್ಯಾಚಾರಿಯ ಕುಲುಮೆ ಕೋಳಿ ಅಂಗಡಿಯ ಹಿಂದೆ.
ಎದೆ ಮುಟ್ಟುವ ಗಡ್ಡ ಅವನಿಗೆ.
ಕತ್ತಿ ಮಾಡುವವನಿಗೆ ಇದ್ಯಾಕೆ ಅಂದರೆ
'ಮಿಠಾಯಿ ಅಂಗಡಿಯವನು ಮಿಠಾಯಿ ತಿಂತಾನೇನಪ್ಪಾ?'
ಅನ್ನುತ್ತಾ, ತಿದಿಯ ಮೇಲಿನ ಬೆಕ್ಕನ್ನು ಎಬ್ಬಿಸಿ,
ಒಗೆದ ಗೋಣಿತಾಟು ಹಾಸಿ
ಮೂರು ಕತ್ತಿ ಮಲಗಿಸಿದ, ಬಾಯಿ ಆಚೆಗೆ ಮಾಡಿ.

ಮೊದಲನೆಯದು ಲಾರಿ ಪಟ್ಟೆಯದು.
ಟಗರುಕೊಂಬಿನ ಹಿಡಿ, ಒಳಗೆ ಹೊಗೆಯಂಥ ಗೆರೆ.
ಬೆನ್ನು ದಪ್ಪ, ಹೊಟ್ಟೆ ತೆಳು;
ತನ್ನ ತೂಕಕ್ಕೆ ತಾನೇ ಇಳಿಯುತ್ತೆ,
ಕೈ ಸುಮ್ಮನೆ ಜೊತೆಗಿದ್ದರೆ ಸಾಕು.
ಚೆಂದವೇ. ಆದರೆ ಗತ್ತು ಜಾಸ್ತಿ.

ಎರಡನೆಯದಕ್ಕೆ ಹಿತ್ತಾಳೆ ಹೂವಿನ ಮೊಳೆ, ಕನ್ನಡಿ ಹೊಳಪು.
ಅದರಲ್ಲಿ ನನ್ನ ಮುಖ ಸೌತೆಕಾಯಿಯಷ್ಟು ಉದ್ದ.
ಉಗುರಿಂದ ಮೀಟಿದೆ.
ಟಿಣ್ ಅಂದಿತು, ಅಲ್ಲೇ ಸತ್ತಿತು ಸದ್ದು.
'ಇದು ಮದುವೆ ಗಂಡಿಗೆ, ಫೋಟೋಕ್ಕೆ' ಅಂದ ಆಚಾರಿ,
ತಾನೇ ಮಾಡಿದ್ದನ್ನು ತಾನೇ ಪಕ್ಕಕ್ಕೆ ಸರಿಸಿ.

ಮೂರನೆಯದನ್ನು ಮುಟ್ಟುವ ಮೊದಲು ಕೈ ಒರೆಸಿಕೊಂಡೆ. ಯಾಕೋ.
ಹಳೇ ಅರ ಕಾಸಿ ಬಡಿದದ್ದು. ಬೆನ್ನ ಮೇಲೆ
ಅರದ ಹಲ್ಲು ಇನ್ನೂ ಉಳಿದಿವೆ,
ಸೋಪಿನ ಬೆರಳು ಜಾರಬಾರದು ಅಂತ ಬಿಟ್ಟಿದ್ದಂತೆ.
ಹಿಡಿ ಹಿಪ್ಪುನೇರಳೆಯ ಬುಡ, ನಮ್ಮೂರ ಕಡೆಯದು.
ಎಲೆ ಹುಳುವಿಗೆ, ಬುಡ ಒಲೆಗೆ
ಅಂದುಕೊಂಡಿದ್ದೆ ಇಷ್ಟು ದಿನ.
ಅರಿಶಿನದ ಕೊಂಬು ಮುರಿದಾಗಿನ ಬಣ್ಣ ಅದು.
ಮೀಟಿದೆ.
ಸದ್ದು ಹೊರಟಿತು, ಬಾಗಿಲ ಹತ್ತಿರ
ಏನೋ ಮರೆತವರ ಹಾಗೆ ಸ್ವಲ್ಪ ನಿಂತು,
ಆಮೇಲೆ ಹೋಯಿತು.
ಮುಂಗೈ ಮೇಲೆ ಗಾಳಿಯಲ್ಲೇ ಆಡಿಸಿದೆ.
ಕೂದಲು ಬಿದ್ದದ್ದು ಕಂಡಿತು,
ಕೊಯ್ದದ್ದು ಕಾಣಲಿಲ್ಲ.

ಅಪ್ಪ ಪಿಳ್ಳಪ್ಪನ ಹತ್ತಿರ ಇಂಥದೊಂದಿತ್ತು.
ಹಲಗೆಪೆಟ್ಟಿಗೆ ಕಂಕುಳಲ್ಲಿಟ್ಟು ಬೀದಿ ಬೀದಿ ತಿರುಗಿದವನು.
ದೊಡ್ಡವರ ಜಗಲಿ ಕೆಳಗೆ ಕುಕ್ಕರಗಾಲಲ್ಲಿ ಕೂತು
ಅವರ ಕೊರಳ ಮೇಲೆ ಕತ್ತಿ ಇಟ್ಟವನು,
ಕಾಸು ಮಾತ್ರ ನೆಲದಿಂದ ಆಯ್ದುಕೊಂಡವನು.
ಗಂಟಲು ಕೊಟ್ಟವರು ಅಂಗೈ ಮುಟ್ಟಲಿಲ್ಲ.
ಇದನ್ನು ಅಪ್ಪ ಸಿಟ್ಟಿನಿಂದ ಹೇಳುತ್ತಿರಲಿಲ್ಲ,
ಎಷ್ಟು ಕೂಡಿದರೂ ತಾಳೆಯಾಗದ ಲೆಕ್ಕ
ಮತ್ತೊಮ್ಮೆ ಕೂಡುವವನಂತೆ ಹೇಳುತ್ತಿದ್ದ.

ಈಗ ನನ್ನ ಅಂಗಡಿಯಲ್ಲಿ ಅರ್ಧ ಬ್ಲೇಡು.
ಮುರಿ, ಸಿಕ್ಕಿಸು, ಒಂದು ಮುಖ, ಬಿಸಾಡು.
ಒಳ್ಳೆಯದೇ, ರೋಗ ರುಜಿನದ ಕಾಲ.
ಗಿರಾಕಿಗೆ ಈ ಕತ್ತಿ ಮುಟ್ಟಿಸುವ ಹಾಗಿಲ್ಲ.

'ಮತ್ತೆ ಯಾರಿಗಪ್ಪಾ ಇದು?'

ಹೇಳಲು ನಾಚಿಕೆ.
ಊರಿನ ಕೆನ್ನೆಗಳ ಗುಂಡಿ, ಗಾಯ, ಸುಳಿ ಎಲ್ಲ ಬಲ್ಲ ಕೈ
ನನ್ನ ಕೆನ್ನೆಯ ಮೇಲೆ ಒಮ್ಮೆಯೂ ನಿಧಾನವಾಗಿ ಇಳಿದಿಲ್ಲ.
ರಾತ್ರಿ ಷಟರ್ ಎಳೆಯುವ ಮೊದಲು, ಆರಿದ ನೊರೆಯಲ್ಲಿ,
ಕನ್ನಡಿಗೆ ಬೆನ್ನು ಮಾಡಿ ಎರಡೆಳೆತ.
ಅಷ್ಟೇ ನನ್ನ ಕ್ಷೌರ.

'ನನಗೇ' ಅಂದೆ.

ಆಚಾರಿ ಮಾತಾಡಲಿಲ್ಲ. ಕಾಲುಬೆರಳಿಗೆ
ಚರ್ಮದ ಪಟ್ಟಿ ಸಿಕ್ಕಿಸಿ, ಎಳೆದು ಹಿಡಿದು,
ಬೆನ್ನು ಮುಂದಾಗಿ ಇಪ್ಪತ್ತು ಸಲ ತಿಕ್ಕಿದ.
ಆಮೇಲೆ ಬೆಲೆ ಹೇಳಿದ. ಹೆಚ್ಚೇ.
ಐವತ್ತು ಬಿಡು ಅಂದೆ, ಬರೀ ಅಭ್ಯಾಸಕ್ಕೆ.
ಬಿಡಲಿಲ್ಲ.

ಕತ್ತಿಯನ್ನು ಕೈಯಿಂದ ಕೈಗೆ ಕೊಡಬಾರದು,
ಜಗಳ ಹುಟ್ಟುತ್ತೆ ಅನ್ನುತ್ತಾರೆ.
ನೆಲದ ಮೇಲಿಡಲು ಬಾಗಿದ.
ನನ್ನ ಅಂಗೈ ಆಗಲೇ ಚಾಚಿತ್ತು.
ಅದನ್ನು ನೋಡಿದ. ಬಾಗಿದವನು ಎದ್ದ.
ಹಿಡಿ ನನ್ನ ಕಡೆ ಮಾಡಿ
ಅಂಗೈಯಲ್ಲೇ ಇಟ್ಟು, ಬೆರಳು ಮಡಚಿ ಮುಚ್ಚಿ,
'ಬಂದರೆ ಬರಲಿ ಬಿಡಪ್ಪಾ ಜಗಳ' ಅಂದ.

ಬಸ್ಸಿನಲ್ಲಿ ಗದ್ದ ಸವರಿಕೊಂಡೆ. ಎರಡು ದಿನದ ಬೆಳೆ.
ಇಂಥ ಕತ್ತಿಗೆ ಇದು ಸಾಲದು,
ಮುಂದಿನ ಮಂಗಳವಾರದ ತನಕ ಬಿಡಬೇಕು.
ಗಿರಾಕಿಗಳು ಕೇಳಿದರೆ
ವ್ರತ ಅಂತೀನಿ.